ಗ್ರಾಫಿಕ್ಸ್ ಕಾರ್ಡ್ ಈಗಲೇ ಬದಲಿಸಲೇ, ಇನ್ನೂ ಕಾಯಲೇ? ಮದುವೆ ವಿಡಿಯೊ ಎಡಿಟಿಂಗ್‌ಗೆ ಸಲಹೆ ಬೇಕು

ನಿಟ್ಟುವಳ್ಳಿ ಎಡಿಟರ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮದುವೆ, ಗೃಹಪ್ರವೇಶ, ನಾಮಕರಣದ ವಿಡಿಯೊಗಳನ್ನು ಎಡಿಟ್ ಮಾಡುವುದು ನನ್ನ ಕೆಲಸ. ಎರಡು ಸ್ಟುಡಿಯೊದವರು ಶೂಟಿಂಗ್ ಮುಗಿಸಿ ಹಾರ್ಡ್ ಡಿಸ್ಕ್ ತಂದುಕೊಡುತ್ತಾರೆ, ಉಳಿದದ್ದೆಲ್ಲ ಮನೆಯಲ್ಲೇ ನಡೆಯುತ್ತದೆ. ಬಿಡುವಿದ್ದಾಗ ತಮ್ಮ ಇದೇ ಮಷಿನ್‌ನಲ್ಲಿ ಗೇಮ್ ಆಡುತ್ತಾನೆ.

ಮಷಿನ್‌ನಲ್ಲಿ ಇರುವುದು ಇಷ್ಟು: ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡ್, 450 ವಾಟ್‌ನ ಎಸ್‌ಎಂಪಿಎಸ್ (ಮಷಿನ್‌ಗೆ ವಿದ್ಯುತ್ ಕೊಡುವ ಪೆಟ್ಟಿಗೆ), 600 ವಿಎ ಯುಪಿಎಸ್. ಮಾನಿಟರ್ 1080ಪಿ. ಎಡಿಟಿಂಗ್ ಸಾಫ್ಟ್‌ವೇರ್ ಅಡೋಬಿ ಪ್ರೀಮಿಯರ್.

ಹೋದ ವರ್ಷದವರೆಗೆ ತಕರಾರಿರಲಿಲ್ಲ. ಈಗ ಎರಡು ಕ್ಯಾಮೆರಾದ ದೃಶ್ಯಗಳನ್ನು ಟೈಮ್‌ಲೈನ್‌ನಲ್ಲಿ ಒಟ್ಟಿಗೆ ಇಟ್ಟರೆ ಚಿತ್ರ ನಿಂತು ನಿಂತು ಓಡುತ್ತದೆ. ಧಾರೆಯ ಹೊತ್ತಿಗೆ ಓಲಗದ ಧ್ವನಿ ಮುಂದೆ ಹೋಗಿರುತ್ತದೆ, ಚಿತ್ರ ಹಿಂದೆ ಉಳಿದಿರುತ್ತದೆ. ಎಲ್ಲಿ ಕತ್ತರಿಸಬೇಕೆಂಬುದೇ ತಿಳಿಯುವುದಿಲ್ಲ. ಯುಗಾದಿ ಕಳೆದರೆ ಮದುವೆಗಳು ಸಾಲುಗಟ್ಟಿ ಬರುತ್ತವೆ. ಈ ವೇಗದಲ್ಲಿ ಒಪ್ಪಿಕೊಂಡ ಕೆಲಸ ಮುಗಿಯುವುದಿಲ್ಲ.

ಅಂಗಡಿಯವರು ಆರ್‌ಟಿಎಕ್ಸ್ 4060 ಕಾರ್ಡನ್ನು ರಿಯಾಯಿತಿಯಲ್ಲಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಪರಿಚಯದವರೊಬ್ಬರ ಬಳಿ ಬಳಸಿದ ಆರ್‌ಟಿಎಕ್ಸ್ 3060 12 ಜಿಬಿ ಇದೆ. ಇನ್ನೊಬ್ಬರು, ಹೊಸ ಸರಣಿ ಬಂದ ಮೇಲೆ ಬೆಲೆ ಇಳಿಯುತ್ತದೆ, ಕಾಯಿರಿ ಎನ್ನುತ್ತಾರೆ. ನನ್ನ ಕೈಯಲ್ಲಿರುವುದು ಮೂವತ್ತು ಸಾವಿರ. ಅದನ್ನು ಒಂದೇ ಸಲ ಖರ್ಚು ಮಾಡಬಲ್ಲೆ. ಎಡವಿದರೆ ಮತ್ತೆ ಕೂಡಿಸಲು ಇನ್ನೊಂದು ಸೀಸನ್ ಬೇಕು.

ಕೋಟೆನಾಡಿನ ಗೇಮರ್

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಅಣ್ಣಾ, ಕಾಯಬೇಡಿ. 1060 ಬಂದಿದ್ದು 2016ರ ಜುಲೈನಲ್ಲಿ. ಅದು ಸೇರಿದ ಪ್ಯಾಸ್ಕಲ್ ಪೀಳಿಗೆಯ ಕಾರ್ಡ್‌ಗಳಿಗೆ ಹೊಸ ಗೇಮ್‌ಗಳ ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ಕೊಡುವುದನ್ನು ತಯಾರಕ ಕಂಪನಿ ಎನ್ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿತು. 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ ಸಿಗುತ್ತದೆ. ಡೂಮ್: ದಿ ಡಾರ್ಕ್ ಏಜಸ್, ಇಂಡಿಯಾನಾ ಜೋನ್ಸ್‌ನಂಥ ಗೇಮ್‌ಗಳು ರೇ ಟ್ರೇಸಿಂಗ್ (ಬೆಳಕಿನ ಹಾದಿ ಲೆಕ್ಕ ಹಾಕಿ ಚಿತ್ರ ಮೂಡಿಸುವ ಸೌಲಭ್ಯ) ಇರುವ ಕಾರ್ಡನ್ನೇ ಕೇಳುತ್ತವೆ, ನಿಮ್ಮ ಕಾರ್ಡ್‌ಗೆ ಅದು ಇಲ್ಲ. ನನ್ನ ಮತ ಬಳಸಿದ 3060ಕ್ಕೆ. 12 ಜಿಬಿ ಮೆಮೊರಿ ಈ ಬೆಲೆಗೆ ಹೊಸದರಲ್ಲಿ ಸಿಗುವುದಿಲ್ಲ.

ಬೆಂಗಳೂರಿನಲ್ಲಿರುವ ದಾವಣಗೆರೆಯವನು

ನಾನು ಕಾಯಿರಿ ಎನ್ನುವವರ ಕಡೆ. 2021ರಲ್ಲಿ ಇದೇ 3060ಕ್ಕೆ ಜನ ಎರಡು ಪಟ್ಟು ಹಣ ಸುರಿದಿದ್ದನ್ನು ಇಲ್ಲಿನ ಕಂಪ್ಯೂಟರ್ ಮಾರುಕಟ್ಟೆ ಎಸ್.ಪಿ. ರಸ್ತೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ಹಣ ತನ್ನ ಪದ್ಧತಿ ಬದಲಿಸಿ, ಕಾರ್ಡ್‌ಗಳಿಂದ ಅದರ ಮೈನಿಂಗ್ (ಲೆಕ್ಕ ಮಾಡಿ ಆ ಹಣ ಗಳಿಸುವುದು) ಮಾಡುವುದೇ ನಿಂತಿತು. ಅವಸರಪಟ್ಟವರು ಕೈ ಕೈ ಹಿಸುಕಿಕೊಂಡರು.

ಕೋಟೆನಾಡಿನ ಗೇಮರ್

ಸರ್, ಅಂದಿನ ಕಾರಣ ಬೇರೆ, ಇಂದಿನದು ಬೇರೆ. ಆಗ ಕೊರತೆಯಾದದ್ದು ಕಾರ್ಡ್. ಮೈನಿಂಗ್ ನಿಂತ ಕೂಡಲೇ ಸಾವಿರಾರು ಕಾರ್ಡ್‌ಗಳು ಮಾರುಕಟ್ಟೆಗೆ ವಾಪಸು ಬಂದವು. ಈಗ ಕೊರತೆಯಿರುವುದು ಮೆಮೊರಿ ಚಿಪ್‌ಗೆ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರೂ ಕಂಪನಿಗಳು ಎಐ ಸರ್ವರ್‌ಗೆ ಬೇಕಾದ ದುಬಾರಿ ಮೆಮೊರಿಯ ಕಡೆ ತಿರುಗಿವೆ. ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಕೈಬಿಡುವುದಾಗಿ ಘೋಷಿಸಿತು. ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದ ಮೆಮೊರಿ ತಯಾರಿಸುವವರೂ ಅವರೇ. ಎಐ ಸರ್ವರ್‌ಗೆ ಹೋದ ಚಿಪ್ ಗೇಮಿಂಗ್ ಕಾರ್ಡ್ ಆಗಿ ತಿರುಗಿ ಬರುವುದಿಲ್ಲ. ಇದು ಬೇಗ ಇಳಿಯುವ ಬೆಲೆಯಲ್ಲ.

ಬೆಂಗಳೂರಿನಲ್ಲಿರುವ ದಾವಣಗೆರೆಯವನು

ಮೆಮೊರಿಯ ಮಾತು ನಿಜ. ಆದರೂ ಹೆದರಿಕೆಯಿಂದ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. "ನಾಳೆ ಏರುತ್ತದೆ" ಎಂಬ ಒಂದೇ ಕಾರಣಕ್ಕೆ ಕೊಂಡ ವಸ್ತು ಕೆಲಸಕ್ಕೆ ಬಾರದಿದ್ದರೆ ಏರಿದ ಬೆಲೆ ಕಟ್ಟಿಕೊಂಡು ಏನು ಮಾಡುವುದು?

ಹರಿಹರದ ಎಡಿಟರ್

ನೀವಿಬ್ಬರೂ ಬೆಲೆಯ ಬಗ್ಗೆ ಜಗಳವಾಡುತ್ತಿದ್ದೀರಿ. ಅವರ ಮಷಿನ್ ಎಲ್ಲಿ ನಿಲ್ಲುತ್ತಿದೆ ಎಂದು ಯಾರೂ ಕೇಳಲಿಲ್ಲ.

ತಮ್ಮಾ, ನೀನು ಬರೆದದ್ದರಲ್ಲಿ ಒಂದು ಸಾಲು ನನಗೆ ಮುಖ್ಯವೆನಿಸಿತು: "ಹೋದ ವರ್ಷದವರೆಗೆ ತಕರಾರಿರಲಿಲ್ಲ." ನಿನ್ನ ಕಾರ್ಡ್ ಹೋದ ವರ್ಷವೂ ಹಳೆಯದೇ ಆಗಿತ್ತು. ಹಾಗಾದರೆ ಬದಲಾದದ್ದು ಏನು? ಸ್ಟುಡಿಯೊದವರು ಹೊಸ ಕ್ಯಾಮೆರಾ ತೆಗೆದುಕೊಂಡರೇ?

ಒಂದು ಪರೀಕ್ಷೆ ಮಾಡು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಆರಿಸು. ಅಲ್ಲಿ ನಾಲ್ಕು ಚಿಕ್ಕ ಗ್ರಾಫ್‌ಗಳು ಕಾಣುತ್ತವೆ. ಅವುಗಳಲ್ಲಿ ಒಂದು "ವಿಡಿಯೊ ಡಿಕೋಡ್", ಅಂದರೆ ಮಡಚಿದ ವಿಡಿಯೊ ಬಿಚ್ಚುವ ಕೆಲಸ. ಹೊಸ ಕ್ಯಾಮೆರಾದ ಒಂದೇ ಒಂದು ಕ್ಲಿಪ್ ಅನ್ನು ಯಾವ ಎಫೆಕ್ಟೂ ಹಾಕದೆ ಓಡಿಸಿ ಆ ಗ್ರಾಫ್ ನೋಡು, ಜೊತೆಗೆ ಸಿಪಿಯು (ಪ್ರೊಸೆಸರ್) ಎಷ್ಟು ತುಂಬುತ್ತದೆ ನೋಡು. ಆಮೇಲೆ ಹಳೆಯ ಕ್ಯಾಮೆರಾದ ಕ್ಲಿಪ್‌ಗೂ ಹಾಗೆಯೇ ಮಾಡು. ಕಡತದ ವಿವರವನ್ನೂ ಇಲ್ಲಿ ಹಾಕು: ಎಷ್ಟು ಬಿಟ್, ಬಣ್ಣದ ಮಾಹಿತಿ 4:2:0 ಅಥವಾ 4:2:2, ವಿಡಿಯೊ ಮಡಚುವ ಪದ್ಧತಿ ಎಚ್.264 ಅಥವಾ ಎಚ್.265. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನೆಲ್ಲ ತೋರಿಸುತ್ತದೆ. ಅಲ್ಲಿಯವರೆಗೆ ಅಂಗಡಿಗೆ ಮುಂಗಡ ಕೊಡಬೇಡ.

ನಿಟ್ಟುವಳ್ಳಿ ಎಡಿಟರ್

ಅಕ್ಕಾ, ನೀವು ಹೇಳಿದಂತೆಯೇ ಮಾಡಿದೆ. ಹೌದು, ಒಂದು ಸ್ಟುಡಿಯೊದವರು ಸೋನಿ ಎ7 ಮಾರ್ಕ್ 3 ಬಿಟ್ಟು ಮಾರ್ಕ್ 4ಕ್ಕೆ ಹೋಗಿದ್ದಾರೆ.

ಹಳೆಯ ಕ್ಯಾಮೆರಾ: ಎಚ್.264, 8 ಬಿಟ್, 4:2:0. ಓಡಿಸಿದಾಗ ವಿಡಿಯೊ ಡಿಕೋಡ್ ಗ್ರಾಫ್ ಏರುತ್ತದೆ, ಸಿಪಿಯು ಆರಾಮವಾಗಿರುತ್ತದೆ.

ಹೊಸ ಕ್ಯಾಮೆರಾ: ಎಚ್.265, 10 ಬಿಟ್, 4:2:2. ಓಡಿಸಿದರೆ ವಿಡಿಯೊ ಡಿಕೋಡ್ ಸೊನ್ನೆ. ಗೆರೆ ತಳದಿಂದ ಏಳುವುದೇ ಇಲ್ಲ. ಸಿಪಿಯು ಶೇ. 100 ಮುಟ್ಟಿ ಅಲ್ಲೇ ನಿಲ್ಲುತ್ತದೆ. ಕಾರ್ಡ್‌ನ ಫ್ಯಾನ್ ಕೂಡ ಸುಮ್ಮನಿದೆ.

ಹರಿಹರದ ಎಡಿಟರ್

ಸಿಕ್ಕಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಹೊಸ ಕ್ಯಾಮೆರಾ ಕೊಂಡ ಸ್ಟುಡಿಯೊಗಳಿಗೆ ಎಡಿಟ್ ಮಾಡುವವರೆಲ್ಲ ಇದೇ ಕಷ್ಟಕ್ಕೆ ಸಿಕ್ಕಿಕೊಂಡಿದ್ದಾರೆ.

ಕ್ಯಾಮೆರಾ ವಿಡಿಯೊವನ್ನು ಬಿಗಿಯಾಗಿ ಮಡಚಿ ತನ್ನ ಮೆಮೊರಿ ಕಾರ್ಡಿಗೆ ತುಂಬುತ್ತದೆ. ಎಡಿಟ್ ಮಾಡುವಾಗ ಅದನ್ನು ಪ್ರತಿ ಫ್ರೇಮ್‌ಗೂ ಬಿಚ್ಚಬೇಕು. ಬಿಚ್ಚುವ ಕೆಲಸಕ್ಕೆಂದೇ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ. ಗೇಮ್ ಆಡಿಸುವ ಭಾಗಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಸರ್ಕ್ಯೂಟ್‌ಗೆ ಯಾವ ಬಗೆಯ ಕಡತ ಬಿಚ್ಚಲು ಬರುತ್ತದೆಂಬುದು ಕಾರ್ಖಾನೆಯಲ್ಲೇ ನಿಶ್ಚಯವಾಗಿರುತ್ತದೆ, ಡ್ರೈವರ್ ಹಾಕಿ ಕಲಿಸಲಾಗುವುದಿಲ್ಲ. ನಿನ್ನ 1060ಕ್ಕೆ ಎಚ್.265, 10 ಬಿಟ್ ಬರುತ್ತದೆ, ಆದರೆ 4:2:0 ಆಗಿದ್ದರೆ ಮಾತ್ರ. 4:2:2 ಬಂದರೆ ಅದು ಕೈ ಚೆಲ್ಲುತ್ತದೆ, ಇಡೀ ಭಾರ ಸಿಪಿಯು ಮೇಲೆ ಬೀಳುತ್ತದೆ. ನೀನು ನೋಡಿದ ಸೊನ್ನೆ ಅದೇ.

ಈಗ ಗಮನವಿಟ್ಟು ಓದು. 3060ಕ್ಕೂ 4:2:2 ಬಿಚ್ಚಲು ಬರುವುದಿಲ್ಲ. 4060ಕ್ಕೂ ಬರುವುದಿಲ್ಲ. ಎನ್ವಿಡಿಯಾ ಇದನ್ನು ಸೇರಿಸಿದ್ದು 2025ರಲ್ಲಿ ಬಂದ 50ರ ಸರಣಿಯಲ್ಲಿ. ನೀನು ಆ ರಿಯಾಯಿತಿಯ 4060 ತಂದು ಹಾಕಿದ್ದರೆ ಎಫೆಕ್ಟ್‌ಗಳು, ಬಣ್ಣದ ಕೆಲಸ, ಎಕ್ಸ್‌ಪೋರ್ಟ್ ಚುರುಕಾಗುತ್ತಿದ್ದವು. ನಿನ್ನ ನಿಜವಾದ ಸಂಕಟ, ಆ ನಿಂತು ನಿಂತು ಓಡುವ ಚಿತ್ರ, ಹಾಗೆಯೇ ಉಳಿಯುತ್ತಿತ್ತು. ಈಗಲೋ ಆಮೇಲೋ ಎಂಬ ಪ್ರಶ್ನೆಗೆ ಮೊದಲು ಯಾವ ಭಾಗ ತುಂಬಿಹೋಗಿದೆ ಎಂಬುದು ಗೊತ್ತಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಣ ಖರ್ಚಿಲ್ಲದ ದಾರಿ ಎರಡಿವೆ.

ಮೊದಲನೆಯದು, ಕ್ಯಾಮೆರಾದ ಸೆಟ್ಟಿಂಗ್. ಮಾರ್ಕ್ 4ರಲ್ಲಿ ಎಕ್ಸ್‌ಎವಿಸಿ ಎಚ್ಎಸ್ (ಸೋನಿಯ ಎಚ್.265 ಬಗೆ) ಆರಿಸಿದಾಗ 4:2:2 10 ಬಿಟ್ ಮತ್ತು 4:2:0 10 ಬಿಟ್ ಎರಡೂ ಸಿಗುತ್ತವೆ. ಸ್ಟುಡಿಯೊದವರಿಗೆ ಎರಡನೆಯದನ್ನು ಇಡಲು ಹೇಳು. ಗುಣಮಟ್ಟ ಹೋಗುತ್ತದೆಂದು ಅವರು ತಕರಾರು ಮಾಡಬಹುದು. 4:2:2 ಎಂದರೆ ಎರಡು ಪಿಕ್ಸೆಲ್‌ಗೆ ಒಂದು ಬಣ್ಣದ ಮಾಹಿತಿ, 4:2:0 ಎಂದರೆ ನಾಲ್ಕಕ್ಕೆ ಒಂದು. ಹಸಿರು ಪರದೆ ಹಾಕಿ ಹಿನ್ನೆಲೆ ಬದಲಿಸುವವರಿಗೆ ಈ ವ್ಯತ್ಯಾಸ ದೊಡ್ಡದು. ಕಲ್ಯಾಣ ಮಂಟಪದಲ್ಲಿ ನಮಗೆ ಬೇಕಾದದ್ದು 10 ಬಿಟ್. ಆರತಕ್ಷತೆಯ ವೇದಿಕೆಯಲ್ಲಿ ನೇರಳೆ ಎಲ್‌ಇಡಿ ಬೆಳಕು ಹೊಗೆಯ ಮೇಲೆ ಬಿದ್ದಾಗ 8 ಬಿಟ್‌ನಲ್ಲಿ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದಲ್ಲ, ಅದನ್ನು ತಡೆಯುವುದು 10 ಬಿಟ್. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಹಂತ, 10 ಬಿಟ್‌ನಲ್ಲಿ 1024. ಆ ಲಾಭ 4:2:0ದಲ್ಲೂ ಪೂರ್ತಿ ಉಳಿಯುತ್ತದೆ. ಅರಿಶಿನದ ಶಾಸ್ತ್ರದಲ್ಲಿ ಮುಖದ ಬಣ್ಣ ತಿದ್ದಲು ಅಷ್ಟು ಸಾಕು. ಮದುಮಗಳ ರೇಷ್ಮೆ ಸೀರೆಯ ಅಂಚಿನಲ್ಲಿ ವ್ಯತ್ಯಾಸ ಹುಡುಕಬೇಕಾದರೆ ನಾಲ್ಕು ಪಟ್ಟು ಹಿಗ್ಗಿಸಿ ನೋಡಬೇಕು.

ಎರಡನೆಯದು, ಪ್ರಾಕ್ಸಿ. ಪ್ರೀಮಿಯರ್‌ಗೆ ಕ್ಲಿಪ್ ಸೇರಿಸುವಾಗಲೇ ಚಿಕ್ಕ ನಕಲು ತಯಾರಿಸಲು ಹೇಳಿದರೆ ರಾತ್ರಿಯಿಡೀ ಅದು ತನ್ನ ಪಾಡಿಗೆ ಮಾಡಿಕೊಳ್ಳುತ್ತದೆ. ಬೆಳಗ್ಗೆ ನಕಲಿನ ಮೇಲೆ ಕತ್ತರಿಸು, ಎಕ್ಸ್‌ಪೋರ್ಟ್ ಆಗುವಾಗ ಮೂಲ ಕಡತವೇ ಹೋಗುತ್ತದೆ. ಜಾಗ ತಿನ್ನುತ್ತದೆ: ಪ್ರೊರೆಸ್ ಎಂಬ, ಬಿಚ್ಚಲು ಹಗುರವಾದ ಬಗೆಯ 1080ಪಿ ಪ್ರಾಕ್ಸಿಗೆ ಗಂಟೆಗೆ ಸುಮಾರು 20 ಜಿಬಿ. ಎಸ್‌ಎಸ್‌ಡಿಯಲ್ಲಿ ಇಡು, ಮದುವೆ ಒಪ್ಪಿಸಿದ ಮೇಲೆ ಅಳಿಸಿಬಿಡು.

ಕೋಟೆನಾಡಿನ ಗೇಮರ್

ಅಕ್ಕಾ, ಈ 4:2:2ರ ವಿಷಯ ನನಗೆ ಹೊಸದು. ಗೇಮ್ ಆಡುವವರು ಆ ಗ್ರಾಫ್ ಕಡೆ ಕಣ್ಣೇ ಹಾಯಿಸುವುದಿಲ್ಲ. ಇಂಟೆಲ್ ಆರ್ಕ್ ಕಾರ್ಡ್‌ಗಳಲ್ಲಿ 4:2:2 ಇದೆ ಎಂದು ಈಗ ಓದಿದೆ. ಬಿ580 12 ಜಿಬಿ ಮೆಮೊರಿಯ ಕಾರ್ಡ್, 2024ರ ಡಿಸೆಂಬರ್‌ನಲ್ಲಿ 249 ಡಾಲರ್‌ಗೆ ಬಂದದ್ದು. ಅದು ಆಗುವುದಿಲ್ಲವೇ?

ಹರಿಹರದ ಎಡಿಟರ್

ಎಚ್.265ರ 4:2:2 ಅದಕ್ಕೆ ಬರುತ್ತದೆ, ನಿಜ. ಆದರೆ ಆರ್ಕ್ ಕಾರ್ಡ್‌ಗೆ ರೀಸೈಜಬಲ್ ಬಾರ್ (ಕಾರ್ಡ್‌ನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟುವ ಸೌಲಭ್ಯ) ಬೇಕು, ಅದಕ್ಕೆ ಇಂಟೆಲ್ ಹೇಳುವುದು ರೈಜೆನ್ 3000 ಅಥವಾ ನಂತರದ ಪ್ರೊಸೆಸರ್. ಇವರದು 2600. ಜೊತೆಗೆ ಬಿ580 ಹಳೆಯ ಸಿಪಿಯು ಜೊತೆ ಸೇರಿದರೆ ಗೇಮ್‌ಗಳಲ್ಲಿ ಸೊರಗುತ್ತದೆ. ತಮ್ಮನ ಆಟವೂ ಹಾಳು.

ಬೆಸ್ಕಾಂ ಬಿಲ್ ಕಟ್ಟುವ ರಿಪೇರಿಯವನು

ಇಪ್ಪತ್ತು ವರ್ಷಗಳಿಂದ ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಕಾರ್ಡ್ ಯಾವುದಾದರೂ ಇರಲಿ, ಆ 450 ವಾಟ್ ಎಸ್‌ಎಂಪಿಎಸ್ ಬಗ್ಗೆ ಯಾರೂ ಮಾತನಾಡದಿರುವುದು ನನಗೆ ಆತಂಕ ತಂದಿದೆ.

ಕ್ಯಾಬಿನೆಟ್ ಬಾಗಿಲು ತೆಗೆದು ಅದರ ಬದಿಯ ಸ್ಟಿಕ್ಕರ್ ಓದಿ. ಮೇಲೆ ದೊಡ್ಡದಾಗಿ 450 ಎಂದು ಬರೆದಿರುವುದನ್ನು ನಂಬಬೇಡಿ, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ. ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಉಣ್ಣುವುದು ಅದರಿಂದಲೇ. 18 ಆಂಪಿಯರ್ ಎಂದಿದ್ದರೆ ನಿಮಗೆ ನಿಜವಾಗಿ ಸಿಗುವುದು 216 ವಾಟ್. ಒಳ್ಳೆಯ ಕಂಪನಿಯ 450ರಲ್ಲಿ ಇದು 36 ಆಂಪಿಯರ್‌ನ ಆಸುಪಾಸು ಇರುತ್ತದೆ. ಕ್ಯಾಬಿನೆಟ್ ಜೊತೆ ಬಿಟ್ಟಿ ಬಂದ ಎಸ್‌ಎಂಪಿಎಸ್‌ಗಳು ಸುಟ್ಟಾಗ ತಾವೊಂದೇ ಹೋಗುವುದಿಲ್ಲ, ಮದರ್‌ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯುತ್ತವೆ. ಮೇಜಿನ ಮೇಲೆ ಅಂಥವನ್ನು ಬಹಳ ನೋಡಿದ್ದೇನೆ.

ಯುಪಿಎಸ್ ಕೂಡ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಾಮಾನ್ಯ 600 ವಿಎ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವಾಟ್. 50ರ ಸರಣಿಯ ಆರ್‌ಟಿಎಕ್ಸ್ 5060 ಕಾರ್ಡ್‌ಗೆ 145 ವಾಟ್, ಅದರ ಮೇಲೆ ಪ್ರೊಸೆಸರ್, ಡಿಸ್ಕ್‌ಗಳು, ಮಾನಿಟರ್, ಎಸ್‌ಎಂಪಿಎಸ್‌ನ ನಷ್ಟ ಎಲ್ಲ ಸೇರಿ ಅಂಚಿಗೆ ಬರುತ್ತದೆ. ರೆಂಡರ್ ನಡೆಯುವಾಗ ಕರೆಂಟು ಹೋದರೆ ಯುಪಿಎಸ್ ಕೂಗಿ ಕೈಬಿಡಬಹುದು. ಬ್ಯಾಟರಿ ಹಳೆಯದಾಗಿದ್ದರೆ ಕೂಗಲೂ ಸಮಯ ಸಿಗುವುದಿಲ್ಲ.

ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಶೀಟು ಹೊದಿಸಿದ ಮಹಡಿ ಕೋಣೆಯಾದರೆ ಕೇಳುವುದೇ ಬೇಡ. ಹೊಸ ಕಾರ್ಡ್ ಕೊಳ್ಳುವ ಮುನ್ನ ಇರುವ ಮಷಿನ್‌ನ ಧೂಳು ಊದಿಸಿ, ಪ್ರೊಸೆಸರ್‌ನ ಥರ್ಮಲ್ ಪೇಸ್ಟ್ ಬದಲಿಸಿ. ಬಿಸಿಗೆ ಸಿಪಿಯು ತಾನೇ ವೇಗ ಇಳಿಸಿಕೊಂಡಿದ್ದರೆ ಡಿಕೋಡ್ ಇನ್ನೂ ನಿಧಾನವಾಗುತ್ತದೆ.

ನಿಟ್ಟುವಳ್ಳಿ ಎಡಿಟರ್

ಸರ್, ಸ್ಟಿಕ್ಕರ್ ನೋಡಿದೆ. ನೀವು ಹೇಳಿದ 18 ಆಂಪಿಯರೇ ಇದೆ. 1060 ಒಂದೇ 120 ವಾಟ್ ಎಳೆಯುತ್ತದೆಂದು ಈಗ ಓದಿ ಭಯವಾಯಿತು.

ಸ್ಟುಡಿಯೊದವರಿಗೆ ಫೋನ್ ಮಾಡಿ 4:2:0 ಬಗ್ಗೆ ಹೇಳಿದೆ. ಮುಂದಿನ ಶೂಟಿಂಗ್‌ಗಳಿಂದ ಹಾಗೆ ಇಡಲು ಒಬ್ಬರು ಒಪ್ಪಿದರು. ಆದರೆ ಈಗಾಗಲೇ ನನ್ನ ಬಳಿ ಬಂದಿರುವ ಡಿಸ್ಕ್‌ಗಳೆಲ್ಲ 4:2:2. ಅವಕ್ಕೆ ಪ್ರಾಕ್ಸಿ ಮಾಡುತ್ತಿದ್ದೇನೆ. ನಿನ್ನೆ ಒಂದು ಮದುವೆಯ ಪ್ರಾಕ್ಸಿ ಮುಗಿಯಿತು. ಟೈಮ್‌ಲೈನ್ ನೀರಿನಂತೆ ಓಡುತ್ತಿದೆ. ಬಹಳ ಉಪಕಾರವಾಯಿತು ಅಕ್ಕಾ.

ಹಾಗಾದರೆ ಕಾರ್ಡ್ ಬೇಡವೇ ಬೇಡವೇ?

ಹರಿಹರದ ಎಡಿಟರ್

ಬೇಡವೆಂದು ನಾನು ಹೇಳುವುದಿಲ್ಲ. ಸೀಸನ್‌ನಲ್ಲಿ ಡಿಸ್ಕ್ ಬಂದ ದಿನವೇ ಹೈಲೈಟ್ಸ್ ಕೇಳುವ ಗಿರಾಕಿಗಳಿರುತ್ತಾರೆ. ಬೆಳಗ್ಗೆ ಮುಹೂರ್ತ, ಸಂಜೆ ಆರತಕ್ಷತೆಯ ಪರದೆಯ ಮೇಲೆ ಅದೇ ಮುಹೂರ್ತದ ತುಣುಕು ಓಡಬೇಕು. ಅಲ್ಲಿ ಪ್ರಾಕ್ಸಿ ಮಾಡಿಕೊಂಡು ಕೂರಲು ಸಮಯವೆಲ್ಲಿ? ಅಂಥ ಕೆಲಸ ಒಪ್ಪಿಕೊಳ್ಳುವುದಾದರೆ 50ರ ಸರಣಿಯ ಕಾರ್ಡ್ ತನ್ನ ಬೆಲೆಯನ್ನು ತಾನೇ ದುಡಿದುಕೊಡುತ್ತದೆ. ಒಪ್ಪಿಕೊಳ್ಳುವುದಿಲ್ಲವಾದರೆ ಆಷಾಢದವರೆಗೆ ತಳ್ಳು. ಆಗ ಮದುವೆಗಳಿರುವುದಿಲ್ಲ, ಕೈಯಲ್ಲಿ ಹಣವಿರುತ್ತದೆ, ಹೊಸದನ್ನು ಕೂಡಿಸಿ ಪರೀಕ್ಷಿಸಲು ಸಮಯವೂ ಇರುತ್ತದೆ. ಸೀಸನ್ ಮಧ್ಯದಲ್ಲಿ ಮಷಿನ್ ಬಿಚ್ಚಬಾರದು.

ಕೋಟೆನಾಡಿನ ಗೇಮರ್

ಆಷಾಢಕ್ಕೆ ಬೆಲೆ ಏರಿದ್ದರೆ? ಈ ಒಂದು ವಿಷಯದಲ್ಲಿ ನಾನು ಅಕ್ಕನ ಮಾತು ಒಪ್ಪುವುದಿಲ್ಲ. 5060 ಬಿಡುಗಡೆಯಾದಾಗ 299 ಡಾಲರ್. ಡಾಲರ್‌ಗೆ 85 ರೂಪಾಯಿ ಹಿಡಿದು ಶೇ. 18 ಜಿಎಸ್‌ಟಿ ಸೇರಿಸಿದರೆ ಮೂವತ್ತು ಸಾವಿರದ ಲೆಕ್ಕ ಬರುತ್ತದೆ. ರೂಪಾಯಿ ಇಳಿದಷ್ಟೂ, ಮೆಮೊರಿ ಏರಿದಷ್ಟೂ ಅದು ಕೈತಪ್ಪುತ್ತದೆ.

ತಮ್ಮನ ದೃಷ್ಟಿಯಿಂದ ಒಂದು ಎಚ್ಚರಿಕೆ: 5060ರಲ್ಲಿ 8 ಜಿಬಿ ಮೆಮೊರಿ, ಮದರ್‌ಬೋರ್ಡ್‌ನೊಂದಿಗೆ ಮಾತಾಡಲು 8 ಲೇನ್ (ಮಾಹಿತಿ ಹರಿಯುವ ಸಾಲು) ಮಾತ್ರ. ಬಿ450 ಬೋರ್ಡ್‌ನಲ್ಲಿ ಆ ಸಾಲುಗಳೂ ಹಳೆಯ, ನಿಧಾನದ ಪಿಸಿಐಇ 3.0. ಮೆಮೊರಿ ತುಂಬಿ ತುಳುಕುವ ಗೇಮ್‌ಗಳಲ್ಲಿ ಆ ಕಿರಿದಾದ ದಾರಿ ಕಾಡುತ್ತದೆ. 1080ಪಿಯಲ್ಲಿ ಟೆಕ್ಸ್ಚರ್ (ಮೇಲ್ಮೈ ಚಿತ್ರಗಳ ಸ್ಪಷ್ಟತೆ) ಒಂದು ಹಂತ ಇಳಿಸಿ ಆಡಿದರೆ ತೊಂದರೆಯಿಲ್ಲ. ಜಿಟಿಎ 6 ಬಂದ ಮೇಲೆ ನೋಡೋಣ ಎಂದು ತಮ್ಮ ಹೇಳಿದರೆ ಒಪ್ಪಬೇಡಿ. 2026ರ ನವೆಂಬರ್ 19 ಎಂದು ಘೋಷಿಸಿರುವುದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್‌ಗೆ, ಪಿಸಿಗಲ್ಲ.

ಬೆಂಗಳೂರಿನಲ್ಲಿರುವ ದಾವಣಗೆರೆಯವನು

4:2:2 ಮಾತು ಕೇಳಿದ ಮೇಲೆ ನನ್ನ "ಕಾಯಿರಿ"ಗೂ ಅರ್ಥ ಬದಲಾಗಿದೆ. ಕಾಯಬೇಕಾದದ್ದು ಬೆಲೆ ಇಳಿಯಲಿ ಎಂದಲ್ಲ, ಸೀಸನ್ ಮುಗಿಯಲಿ ಎಂದು. ಅಕ್ಕ ಹೇಳಿದ್ದು ಸರಿ.

ಎಲ್ಲಿ ಕೊಳ್ಳಬೇಕು ಎಂಬುದಕ್ಕೆ: ಎಸ್.ಪಿ. ರಸ್ತೆಯಲ್ಲಿ ಒಂದೆರಡು ಸಾವಿರ ಉಳಿಯಬಹುದು. ಆದರೆ ಕಾರ್ಡ್ ಕೈಕೊಟ್ಟರೆ 260 ಕಿ.ಮೀ. ದೂರ ಹೊತ್ತುಕೊಂಡು ಬರಬೇಕಾದವರು ನೀವು. ಊರಿನ ಅಂಗಡಿಯವರು ವಾರಂಟಿಗೆ ತಾವೇ ಕಳಿಸಿ ತರಿಸಿಕೊಡುವುದಾದರೆ ಆ ಒಂದೆರಡು ಸಾವಿರ ಅವರಿಗೇ ಸಲ್ಲಲಿ. ಎಲ್ಲೇ ಕೊಂಡರೂ ಕಾರ್ಡ್‌ನ ಸೀರಿಯಲ್ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ ಪಡೆಯಿರಿ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್‌ನಲ್ಲಿ ಆ ಸಂಖ್ಯೆ ಹಾಕಿಸಿ. ವ್ಯವಹಾರಕ್ಕೆ ಬಳಸುವ ಉಪಕರಣದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು.

ನಿಟ್ಟುವಳ್ಳಿ ಎಡಿಟರ್

ನನ್ನ ತೀರ್ಮಾನ ಹೀಗಿದೆ. ಎಸ್‌ಎಂಪಿಎಸ್ ಈ ವಾರವೇ ಬದಲಿಸುತ್ತೇನೆ. ಎನ್ವಿಡಿಯಾ 5060ಕ್ಕೆ 550 ವಾಟ್ ಹೇಳುತ್ತದೆ, ಆದ್ದರಿಂದ ಈಗಲೇ ಒಳ್ಳೆಯ ಕಂಪನಿಯ 550 ತೆಗೆದುಕೊಳ್ಳುತ್ತೇನೆ. ಸೀಸನ್ ಪೂರ್ತಿ ಹಳೆಯ ಡಿಸ್ಕ್‌ಗಳಿಗೆ ಪ್ರಾಕ್ಸಿ, ಹೊಸ ಶೂಟಿಂಗ್ 4:2:0. ಅದೇ ದಿನ ಹೈಲೈಟ್ಸ್ ಕೊಡುವ ಕೆಲಸವನ್ನು ಈ ಸಲ ಒಪ್ಪಿಕೊಳ್ಳುವುದಿಲ್ಲ. ಆಷಾಢದಲ್ಲಿ 5060. ಬೆಲೆ ಅಷ್ಟರಲ್ಲಿ ಏರಿ ಕೈಗೆಟುಕದಿದ್ದರೆ 5050. ಅದರಲ್ಲೂ 4:2:2 ಇದೆಯಲ್ಲವೇ ಅಕ್ಕಾ?

ಹರಿಹರದ ಎಡಿಟರ್

ಇದೆ, 50ರ ಸರಣಿಯಲ್ಲೆಲ್ಲ ಇದೆ. ಡಿಕೋಡ್‌ಗಾಗಿ ಮಾತ್ರ ಕೊಳ್ಳುವುದಾದರೆ 5050 ಸಾಕು. ತಮ್ಮನಿಗೂ ಬೇಕಾದರೆ 5060. ಹಣ ಮಿಕ್ಕರೆ ಅದೇ ಬಿ450 ಬೋರ್ಡ್‌ಗೆ ರೈಜೆನ್ 5 5600 ಹಾಕಿಸು, ಮೊದಲು ಬಯಾಸ್ (ಮದರ್‌ಬೋರ್ಡ್‌ನ ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿಸಿ. ಹಲವು ಕ್ಯಾಮೆರಾಗಳ ದೃಶ್ಯ ಒಟ್ಟಿಗೆ ಓಡಿಸುವ ಮಲ್ಟಿಕ್ಯಾಮ್‌ಗೆ ಅದೂ ನೆರವಾಗುತ್ತದೆ.

ಬೆಸ್ಕಾಂ ಬಿಲ್ ಕಟ್ಟುವ ರಿಪೇರಿಯವನು

ಎಸ್‌ಎಂಪಿಎಸ್ ಬದಲಿಸುವಾಗ ಹಳೆಯದರ ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಬೇಡಿ, ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಕಾರ್ಡ್‌ಗೆ 8 ಪಿನ್ ಕೇಬಲ್ ಎಸ್‌ಎಂಪಿಎಸ್‌ನಿಂದ ನೇರವಾಗಿ ಬರಬೇಕು. ಮೊಲೆಕ್ಸ್ ಎಂಬ ಹಳೆಯ ನಾಲ್ಕು ಪಿನ್ ಕೇಬಲ್‌ನಿಂದ ತಿರುಗಿಸುವ ಕನ್ವರ್ಟರ್ ಅಂಗಡಿಯವರು ಕೊಟ್ಟರೂ ತೆಗೆದುಕೊಳ್ಳಬೇಡಿ. ಯುಪಿಎಸ್ ಬ್ಯಾಟರಿ ಯಾವಾಗಿನದು ಎಂದು ನೋಡಿ ಹೇಳಿ.

ನಿಟ್ಟುವಳ್ಳಿ ಎಡಿಟರ್

ಬ್ಯಾಟರಿಯ ಮೇಲೆ 2021 ಎಂದಿದೆ ಸರ್.

ಬೆಸ್ಕಾಂ ಬಿಲ್ ಕಟ್ಟುವ ರಿಪೇರಿಯವನು

ಹಾಗಾದರೆ ಎಸ್‌ಎಂಪಿಎಸ್ ತರಲು ಹೋದಾಗ 12 ವೋಲ್ಟ್, 7 ಆಂಪಿಯರ್ ಅವರ್‌ನ ಬ್ಯಾಟರಿಯನ್ನೂ ಕೇಳಿ. ಹಳೆಯದನ್ನು ಜೊತೆಗೆ ಒಯ್ಯಿರಿ, ಅಳತೆ ನೋಡಿ ಕೊಡುತ್ತಾರೆ, ಹಳೆಯ ಬ್ಯಾಟರಿಗೆ ಸ್ವಲ್ಪ ಹಣವನ್ನೂ ಬಿಡುತ್ತಾರೆ.